ಹೊಸ ಏರ್ ರೈಫಲ್: ಸ್ಕೋಪ್ ಕೂರಿಸಿದ ಮೇಲೂ ಗುರಿ ನಿಲ್ಲುತ್ತಿಲ್ಲ

ಹೊಸಗುರಿ:
ಎಲ್ಲರಿಗೂ ನಮಸ್ಕಾರ. ಈಚೆಗೆ ಒಂದು ಏರ್ ರೈಫಲ್ ಕೊಂಡೆ. ನಳಿಗೆ ಬಗ್ಗಿಸಿ ಪೆಲೆಟ್ (ಸಣ್ಣ ಗುಂಡು) ತುಂಬುವ ಸ್ಪ್ರಿಂಗ್ ಮಾದರಿ, 5.5 ಮಿ.ಮೀ. ಅದರ ಮೇಲೆ 3-9×40 ಸ್ಕೋಪನ್ನು (3ರಿಂದ 9 ಪಟ್ಟು ವರ್ಧನೆ, ಮುಂದಿನ ಮಸೂರ 40 ಮಿ.ಮೀ.) ಎರಡು ಬಿಡಿ ರಿಂಗ್‌ಗಳಲ್ಲಿ ಕೂರಿಸಿದ್ದೇನೆ. 10 ಮೀಟರ್ ದೂರದಿಂದ ಹೊಡೆದರೆ ಪೆಲೆಟ್ ಗುರಿಗಿಂತ ಎಂಟು ಹತ್ತು ಸೆಂ.ಮೀ. ಕೆಳಗೆ ಬಿತ್ತು. ಮೇಲಿನ ಟರೆಟ್, ಅಂದರೆ ಗುರಿಯನ್ನು ಮೇಲೆ ಕೆಳಗೆ ಸರಿಸುವ ಗುಂಡಿಯನ್ನು, ತಿರುಗಿಸುತ್ತ ಹೋದೆ. ಅದು ಇನ್ನೇನು ಕೊನೆ ಮುಟ್ಟುತ್ತದೆ ಎನ್ನುವಾಗ ಪೆಲೆಟ್ ಗುರಿಯ ಹತ್ತಿರಕ್ಕೆ ಬಂತು. ಆದರೆ ಅಲ್ಲಿ ನಿಲ್ಲುತ್ತಿಲ್ಲ. ಸ್ವಲ್ಪ ಹೊತ್ತು ಹೊಡೆಯುವಷ್ಟರಲ್ಲಿ ಪೆಲೆಟ್ ತೂತುಗಳ ಗುಂಪು ಬೇರೆ ಕಡೆಗೆ ಸರಿದಿರುತ್ತದೆ. ಸ್ಕೋಪ್ ಹಾಳೋ, ರೈಫಲ್ ಹಾಳೋ, ಕೂರಿಸಿದ ರೀತಿಯೇ ಸರಿಯಿಲ್ಲವೋ? ಬಲ್ಲವರು ದಾರಿ ತೋರಿಸಿ.

ಮಸೂರ:
ಸ್ಕೋಪ್ ಹಾಳಾಗಿದೆ. ಹಿಂದಿರುಗಿಸಿ ಬೇರೆಯದನ್ನು ತೆಗೆದುಕೊಳ್ಳಿ.

ತಿರುಪುಳಿ:
ಮಸೂರ ಅವರೇ, ನೋಡದೆಯೇ ತೀರ್ಪು ಕೊಟ್ಟರೆ ಹೇಗೆ? ಇಂಥ ದೂರುಗಳಲ್ಲಿ ಹೆಚ್ಚಿನವು ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್‌ನಲ್ಲಿ ಹುಟ್ಟಿ ಅಲ್ಲಿಯೇ ಬಗೆಹರಿಯುತ್ತವೆ. ಟರೆಟ್‌ಗೆ ಕೈ ಹಾಕುವುದು ಎಲ್ಲ ಮುಗಿದ ಮೇಲಿನ ಕೆಲಸ.

ಹೊಸಗುರಿ ಅವರೇ, ನಾಲ್ಕು ವಿಷಯ ತಿಳಿಸಿ. ಮೌಂಟ್ ಕೂರುವ ಪಟ್ಟಿ, ಅಂದರೆ ರೈಲ್ 11 ಮಿ.ಮೀ. ಡವ್‌ಟೇಲ್ ಮಾದರಿಯದೋ, ಅಗಲವಾದ ಪಿಕಟಿನಿ ಮಾದರಿಯದೋ? ರೈಲ್‌ನ ಹಿಂತುದಿಯಲ್ಲಿ ಸಣ್ಣ ತೂತು ಇದೆಯೇ? ರಿಂಗ್‌ಗಳ ತಳದಲ್ಲಿ ಆ ತೂತಿಗೆ ಇಳಿದು ಜಾರದಂತೆ ತಡೆಯುವ ಸ್ಟಾಪ್ ಪಿನ್ ಇದೆಯೇ? ಸ್ಟಾಕ್‌ನ (ಹೆಗಲಿಗೆ ಒರಗುವ ಹಿಡಿಭಾಗದ) ಸ್ಕ್ರೂಗಳು ಬಿಗಿಯಾಗಿವೆಯೇ?

ತೆರೆದಗುರಿ:
ಹೊಸ ರೈಫಲ್ ಕೈಗೆ ಬಂದ ಕೂಡಲೇ ಸ್ಕೋಪ್ ಏಕೆ ಬೇಕು ಎನ್ನುವುದೇ ನನ್ನ ಪ್ರಶ್ನೆ. ಮೊದಲು ರೈಫಲ್ ಜೊತೆಗೇ ಬಂದ, ಮಸೂರವಿಲ್ಲದ ಸೈಟ್‌ನಲ್ಲಿ ಹೊಡೆದು ಕಲಿಯಬೇಕು. ಐಎಸ್‌ಎಸ್‌ಎಫ್‌ನ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ) 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಅದನ್ನೇ ಸಣ್ಣ ರಂಧ್ರದ ಸೈಟ್‌ನಲ್ಲಿ ಹೊಡೆಯುತ್ತಾರೆ.

ಬಯಲುಗುರಿ:
ಆ ರೈಫಲ್‌ಗೂ ಇವರ ರೈಫಲ್‌ಗೂ ಏನು ಸಂಬಂಧ? ಸ್ಪರ್ಧೆಯಲ್ಲಿ ಬಳಸುವುದು ತುಂಬಿಟ್ಟ ಗಾಳಿಯಿಂದ ಹಾರಿಸುವ ರೈಫಲ್, ಒದೆತ ಇಲ್ಲವೆನ್ನುವಷ್ಟು ಕಡಿಮೆ. ಮೇಲಾಗಿ ಅದು ಒಂದೇ ದೂರದ ಆಟ. ಫೀಲ್ಡ್ ಟಾರ್ಗೆಟ್‌ನಲ್ಲಿ (ಇನ್ನೊಂದು ಏರ್ ರೈಫಲ್ ಸ್ಪರ್ಧೆ) ಹತ್ತಿರದ ಗುರಿಯಿಂದ ಹಿಡಿದು 50 ಮೀಟರ್‌ವರೆಗೆ ಬೇರೆ ಬೇರೆ ದೂರಕ್ಕೆ ಹೊಡೆಯಬೇಕು. ಅಲ್ಲಿ ಸ್ಕೋಪ್ ಇಲ್ಲದೆ ನಡೆಯುವುದಿಲ್ಲ. ಇವರು ಸ್ಕೋಪ್ ಬಗ್ಗೆ ಕೇಳಿದ್ದಾರೆ, ಅದಕ್ಕೆ ಉತ್ತರ ಕೊಡೋಣ.

ತೆರೆದಗುರಿ:
ನನ್ನದೂ ಉತ್ತರವೇ. ಸ್ಕೋಪ್ ಬಿಚ್ಚಿ ಬರಿಯ ಸೈಟ್‌ನಲ್ಲಿ ಒಂದು ಗುಂಪು ಹೊಡೆಯಲಿ. ಗುಂಪು ಒಂದೇ ಕಡೆ ನಿಂತರೆ ತಪ್ಪು ಸ್ಕೋಪ್‌ನದೋ ಮೌಂಟ್‌ನದೋ ಎಂದಾಯಿತು. ಆಗಲೂ ಅಲೆದರೆ ಸ್ಕೋಪನ್ನು ಬೈದು ಫಲವಿಲ್ಲ.

ತಿರುಪುಳಿ:
ಈ ಮಾತು ಒಪ್ಪಿದೆ. ಖರ್ಚಿಲ್ಲದ ಪರೀಕ್ಷೆ, ಮೊದಲು ಅದನ್ನೇ ಮಾಡಿ.

ಹೊಸಗುರಿ:
ಎಲ್ಲರಿಗೂ ಧನ್ಯವಾದ. ತೆರೆದಗುರಿ ಅವರು ಹೇಳಿದಂತೆ ಸ್ಕೋಪ್ ಬಿಚ್ಚಿ ಹೊಡೆದೆ. ಗುಂಪು ಒಂದೇ ಕಡೆ ನಿಂತಿದೆ. ರೈಲ್ 11 ಮಿ.ಮೀ. ಡವ್‌ಟೇಲ್. ಹಿಂದೆ ತೂತು ಇದೆ, ರಿಂಗ್‌ಗಳಲ್ಲಿ ಪಿನ್ ಇಲ್ಲ. ಬಿಚ್ಚಿದಾಗ ಇನ್ನೊಂದು ಕಂಡಿತು: ಹಿಂದಿನ ರಿಂಗ್ ಕೂತಿದ್ದ ಜಾಗದಲ್ಲಿ ರೈಲ್‌ನ ಕಪ್ಪು ಬಣ್ಣ ಉಜ್ಜಿಹೋಗಿ, ಸುಮಾರು ಮೂರು ಮಿಲಿಮೀಟರ್ ಉದ್ದಕ್ಕೆ ಉಕ್ಕು ಬೆಳ್ಳಗೆ ಹೊಳೆಯುತ್ತಿದೆ. ಎರಡೂ ಬದಿಯಲ್ಲಿ ಹಾಗೆಯೇ. ಇದು ಮೊದಲಿನಿಂದ ಇದ್ದದ್ದೋ?

ಸ್ಪ್ರಿಂಗ್‌ಪ್ರಿಯ:
ಮೊದಲಿನಿಂದ ಇದ್ದದ್ದಲ್ಲ, ನಿಮ್ಮ ರಿಂಗ್ ಹಿಂದಕ್ಕೆ ಜಾರಿದ ಗುರುತು ಅದು. ನೀವು ಹುಡುಕುತ್ತಿದ್ದದ್ದು ಸಿಕ್ಕಿತು!

ಸ್ಪ್ರಿಂಗ್ ರೈಫಲ್‌ನ ಒದೆತ ಬೇರೆ ಬಂದೂಕುಗಳಂತಲ್ಲ. ಕುದುರೆ ಎಳೆದಾಗ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಅದಕ್ಕೆ ಪ್ರತಿಯಾಗಿ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತನ್ನ ದಾರಿಯ ಕೊನೆಯಲ್ಲಿ ಒಮ್ಮೆಲೇ ತಡೆದು ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಸ್ಕೋಪ್ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಹಿಡಿತ ಸಾಲದಿದ್ದರೆ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ. ಗುಂಪು ಒಂದೇ ಸಲ ಹಾರದೆ ನಿಧಾನವಾಗಿ ಅಲೆಯುವುದು ಇದರಿಂದಲೇ.

ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಕೂಡ ಸ್ಪ್ರಿಂಗ್ ರೈಫಲ್ ಮೇಲೆ ಕೆಡಬಹುದು. ಅಲ್ಲಿ ಒದೆತ ಒಂದೇ ದಿಕ್ಕಿಗೆ, ಇಲ್ಲಿ ಎರಡು ದಿಕ್ಕಿಗೆ. ನಿಮ್ಮ ಸ್ಕೋಪ್ ಸ್ಪ್ರಿಂಗ್ ಏರ್ ರೈಫಲ್‌ಗೆ ತಕ್ಕದ್ದು ಎಂದು ತಯಾರಕರು ಹೇಳಿದ್ದಾರೆಯೇ, ನೋಡಿಕೊಳ್ಳಿ.

ಮಸೂರ:
ಅಂದರೆ ಸ್ಕೋಪ್ ಹಾಳಾಗಿರುವ ಸಾಧ್ಯತೆ ಈಗಲೂ ಇದೆ.

ಸ್ಪ್ರಿಂಗ್‌ಪ್ರಿಯ:
ಇದೆ, ಇಲ್ಲವೆನ್ನುವುದಿಲ್ಲ. ಆದರೆ ಜಾರಿದ ಗುರುತು ಕಣ್ಣೆದುರೇ ಇರುವಾಗ ಮೊದಲು ಅದನ್ನು ಸರಿಪಡಿಸಬೇಕು.

ತಿರುಪುಳಿ:
ಸರಿ, ಕೆಲಸಕ್ಕೆ ಇಳಿಯೋಣ. ಎಲ್ಲಕ್ಕಿಂತ ಮೊದಲು ನಳಿಗೆಯಲ್ಲಿ ಪೆಲೆಟ್ ಇಲ್ಲವೆಂದು ನಳಿಗೆ ಬಗ್ಗಿಸಿ ಕಣ್ಣಾರೆ ನೋಡಿ. ಸ್ಪ್ರಿಂಗ್ ಎಳೆದಿಟ್ಟ ಸ್ಥಿತಿಯಲ್ಲಿ ಯಾವ ಸ್ಕ್ರೂಗೂ ಕೈ ಹಾಕಬೇಡಿ.

ಬಿಡಿ ರಿಂಗ್‌ಗಳನ್ನು ಪಕ್ಕಕ್ಕಿಡಿ. ಸ್ಟಾಪ್ ಪಿನ್ ಇರುವ ಒಂದೇ ತುಂಡಿನ ಮೌಂಟ್ ತೆಗೆದುಕೊಳ್ಳಿ. ಅದು ರೈಲನ್ನು ಉದ್ದಕ್ಕೂ ಹಿಡಿಯುತ್ತದೆ, ಮುಂದಿನ ರಿಂಗೂ ಹಿಂದಿನ ರಿಂಗೂ ಒಂದೇ ಗೆರೆಯಲ್ಲಿರುತ್ತವೆ. ಪಿನ್ ಅನ್ನು ರೈಲ್‌ನ ತೂತಿಗೆ ಇಳಿಸಿ. ಬಿಗಿಗೊಳಿಸುವ ಮೊದಲು ಮೌಂಟನ್ನು ಹಿಂದಕ್ಕೆ ತಳ್ಳಿ, ಪಿನ್ ತೂತಿನ ಹಿಂಗೋಡೆಗೆ ತಾಗಿ ನಿಲ್ಲಲಿ. ನಡುವೆ ಸಂದು ಬಿಟ್ಟರೆ ಆ ಸಂದಿನಷ್ಟು ದೂರ ಜಾರಿಯೇ ತೀರುತ್ತದೆ.

ರೈಲ್ ಮೇಲೆ ಕಾರ್ಖಾನೆಯ ಎಣ್ಣೆ ಇರುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ರೈಲ್, ಮೌಂಟ್‌ನ ಹಲ್ಲು, ರಿಂಗ್‌ನ ಒಳಮೈ, ಸ್ಕೋಪ್‌ನ ಕೊಳವೆ ಎಲ್ಲವನ್ನೂ ಒರೆಸಿ. ಮಸೂರಗಳಿಗೆ ಮಾತ್ರ ಆ ಬಟ್ಟೆ ತಾಗಕೂಡದು.

ಕಣ್ಣಳತೆ:
ರಿಂಗ್ ಅಳತೆಯನ್ನೂ ನೋಡಿಕೊಳ್ಳಿ. 25.4 ಮಿ.ಮೀ., ಅಂದರೆ ಒಂದು ಇಂಚಿನ ಕೊಳವೆಗೆ ಆ ಅಳತೆಯ ರಿಂಗೇ ಬೇಕು. 30 ಮಿ.ಮೀ. ರಿಂಗಿಗೆ ಅದನ್ನು ಹಾಕಿ ಟೇಪ್ ಸುತ್ತುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ಬಯಲುಗುರಿ:
ಎತ್ತರದ ವಿಷಯ ಯಾರೂ ಎತ್ತಲಿಲ್ಲ. ಸ್ಕೋಪ್‌ನ ಮುಂದಿನ ದೊಡ್ಡ ಬಾಯಿ ರೈಫಲ್‌ಗೆ ತಾಗಬಾರದು, ನಳಿಗೆ ಬಗ್ಗಿಸಿ ಪೆಲೆಟ್ ಇಡುವಾಗ ಬೆರಳಿಗೆ ಅಡ್ಡ ಬರಬಾರದು. ಅಷ್ಟಾದ ಮೇಲೆ ಕೆನ್ನೆ ಸ್ಟಾಕ್ ಮೇಲೆ ನೆಮ್ಮದಿಯಾಗಿ ಕೂತಾಗ ಕಣ್ಣು ಸ್ಕೋಪ್‌ನ ನೇರಕ್ಕೆ ಬರುವ ಎತ್ತರವೇ ನಿಮಗೆ ಸರಿಯಾದ ಎತ್ತರ. ತೀರಾ ಎತ್ತರದ ರಿಂಗ್ ಹಾಕಿದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ, ಪ್ರತಿ ಸಲವೂ ಕಣ್ಣು ಬೇರೆ ಜಾಗದಲ್ಲಿರುತ್ತದೆ.

ಮಸೂರ:
ಮುಂದೆ ಹಿಂದೆ ಸರಿಸುವುದರ ಬಗ್ಗೆ ನಾನು ಹೇಳುತ್ತೇನೆ. ರಿಂಗ್‌ಗಳ ಮೇಲ್ಭಾಗ ಸಡಿಲವಿರಲಿ, ಕೊಳವೆ ಜಾರುವಷ್ಟು. ಸ್ಕೋಪನ್ನು 9× ವರ್ಧನೆಗೆ ತಿರುಗಿಸಿ. ಕಣ್ಣು ಮುಚ್ಚಿ, ರೈಫಲ್ಲನ್ನು ನಿಮ್ಮ ಸಹಜ ಭಂಗಿಯಲ್ಲಿ ಹೆಗಲಿಗೇರಿಸಿ, ಆಮೇಲೆ ಕಣ್ಣು ತೆರೆಯಿರಿ. ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ದೃಶ್ಯ ತುಂಬಿ ಕಂಡರೆ ಸರಿ. ನೆರಳು ಕಂಡರೆ ಕತ್ತು ಚಾಚಬೇಡಿ, ಸ್ಕೋಪನ್ನೇ ಸರಿಸಿ. ಸಾಮಾನ್ಯವಾಗಿ ಕಣ್ಣಿಗೂ ಹಿಂದಿನ ಮಸೂರಕ್ಕೂ 75ರಿಂದ 90 ಮಿ.ಮೀ. ಅಂತರ ಬರುತ್ತದೆ. ಕಡಿಮೆ ವರ್ಧನೆಯಲ್ಲಿ ಹೊಂದಿಸಬೇಡಿ: ಅಲ್ಲಿ ಕಣ್ಣು ತುಸು ಆಚೀಚೆ ಇದ್ದರೂ ಚೆನ್ನಾಗಿಯೇ ಕಾಣುತ್ತದೆ, 9×ಗೆ ಹೋದ ಕೂಡಲೇ ಕಪ್ಪಾಗುತ್ತದೆ.

ಹಿಂದಿನ ಮಸೂರದ ಉಂಗುರವನ್ನೂ ಇದೇ ಹೊತ್ತಿನಲ್ಲಿ ಹೊಂದಿಸಿಕೊಳ್ಳಿ. ಬಿಳಿ ಗೋಡೆಯ ಕಡೆ ನೋಡಿ, ಅಡ್ಡ ಉದ್ದ ಗೆರೆಗಳು ನೋಡಿದ ತಕ್ಷಣ ಚೂಪಾಗಿ ಕಾಣುವವರೆಗೆ ತಿರುಗಿಸಿ. ಸ್ಕೋಪ್ ಮೂಲಕ ಸೂರ್ಯನ ಕಡೆಗೆ ಎಂದೂ ನೋಡಬೇಡಿ.

ಹೊಸಗುರಿ:
ಗೆರೆ ನೆಟ್ಟಗಿದೆಯೇ ಎಂದು ತಿಳಿಯುವುದು ಹೇಗೆ? ನನಗೆ ನೆಟ್ಟಗೆ ಕಂಡದ್ದು ಮನೆಯವರ ಕಣ್ಣಿಗೆ ವಾಲಿದಂತೆ ಕಾಣುತ್ತದೆ.

ರಸಮಟ್ಟ:
ಕಣ್ಣನ್ನು ನಂಬಬೇಡಿ, ದಾರವನ್ನು ನಂಬಿ. ದಾರಕ್ಕೆ ಭಾರ ಕಟ್ಟಿ 10 ಮೀಟರ್ ಆಚೆ ಗಾಳಿಯಿಲ್ಲದ ಕಡೆ ತೂಗುಬಿಡಿ. ರೈಫಲ್ಲನ್ನು ಮರಳುಚೀಲದ ಮೇಲೆ ಕೂರಿಸಿ, ರೈಲ್ ಮೇಲೆ ಅಡ್ಡಲಾಗಿ ಸಣ್ಣ ರಸಮಟ್ಟ ಇಟ್ಟು ರೈಫಲ್ ಮಟ್ಟವಾಗುವಂತೆ ಮಾಡಿ. ಆಮೇಲೆ ಸ್ಕೋಪನ್ನು ರಿಂಗ್ ಒಳಗೆ ತಿರುಗಿಸುತ್ತ ಉದ್ದ ಗೆರೆಯನ್ನು ದಾರದ ಮೇಲೆ ತನ್ನಿ.

ಬಯಲುಗುರಿ:
ಏರ್ ರೈಫಲ್ ರೈಲ್‌ಗಳು ನಳಿಗೆಗೆ ಸರಿಯಾಗಿ ಮಟ್ಟವಾಗಿರುತ್ತವೆ ಎಂದು ಯಾರು ಹೇಳಿದರು? 11 ಮಿ.ಮೀ. ಕಿರಿದಾದ ಜಾಗ. ಅಲ್ಲಿ ಇಟ್ಟ ರಸಮಟ್ಟ ಒಂದೆರಡು ಡಿಗ್ರಿ ಸುಳ್ಳು ಹೇಳಿದರೂ ಗೊತ್ತಾಗುವುದಿಲ್ಲ.

ನಾನು ಕನ್ನಡಿ ಬಳಸುತ್ತೇನೆ. ಖಾಲಿ ರೈಫಲ್, ಇನ್ನೊಮ್ಮೆ ಹೇಳುತ್ತೇನೆ, ಖಾಲಿ ರೈಫಲ್ಲನ್ನು ಕನ್ನಡಿಯ ಕಡೆಗೆ ಹಿಡಿದು ಕಡಿಮೆ ವರ್ಧನೆಯಲ್ಲಿ ಸ್ಕೋಪ್ ಮೂಲಕ ಅದರದೇ ಪ್ರತಿಬಿಂಬವನ್ನು ನೋಡಿ. ಎರಡು ಗೆರೆ ಕೂಡುವ ಬಿಂದುವನ್ನು ಪ್ರತಿಬಿಂಬದ ಮಸೂರದ ನಡುವೆ ತನ್ನಿ. ಉದ್ದ ಗೆರೆಯನ್ನು ಕೆಳಕ್ಕೆ ಹಿಂಬಾಲಿಸಿದರೆ ಅದು ನಳಿಗೆಯ ಬಾಯಿಯ ನಟ್ಟನಡುವೆ ಹಾಯಬೇಕು. ಹಾಯದಿದ್ದರೆ ಸ್ಕೋಪ್ ತಿರುಚಿದೆ. ನಳಿಗೆಗೂ ಸ್ಕೋಪ್‌ಗೂ ನೇರ ಸಂಬಂಧ ಕಲ್ಪಿಸುವ ವಿಧಾನ ಇದು, ರೈಲ್ ಹೇಗಿದ್ದರೂ ಚಿಂತೆಯಿಲ್ಲ.

ರಸಮಟ್ಟ:
ಕನ್ನಡಿ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಹೊಡೆಯುವಾಗ ನೀವು ರೈಫಲ್ಲನ್ನು ವಾಲಿಸಿ ಹಿಡಿದರೆ ಕನ್ನಡಿ ಏನು ಮಾಡುತ್ತದೆ? ದಾರ ಕೊನೆಗೂ ಬೇಕೇ ಬೇಕು.

ತೆರೆದಗುರಿ:
ಒಂದೆರಡು ಡಿಗ್ರಿಗೆ ಇಷ್ಟು ಗದ್ದಲವೇ?

ಬಯಲುಗುರಿ:
ಲೆಕ್ಕ ಹಾಕಿ ನೋಡಿ. 50 ಮೀಟರ್ ತಲುಪಲು ಪೆಲೆಟ್‌ಗೆ ಕಾಲು ಸೆಕೆಂಡು ಬೇಕೆಂದರೆ ಅಷ್ಟರಲ್ಲಿ ಅದು ಸುಮಾರು 30 ಸೆಂ.ಮೀ. ಇಳಿದಿರುತ್ತದೆ. ಅಷ್ಟು ಇಳಿತವನ್ನು ಸ್ಕೋಪ್‌ನಲ್ಲಿ ಸರಿದೂಗಿಸಿ, ರೈಫಲ್ಲನ್ನು 5 ಡಿಗ್ರಿ ವಾಲಿಸಿ ಹೊಡೆದರೆ ಪೆಲೆಟ್ ಎರಡೂವರೆ ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಏರ್ ರೈಫಲ್‌ನ ಪೆಲೆಟ್ ನಿಧಾನ, ಇಳಿತ ಹೆಚ್ಚು. ಹಾಗಾಗಿ ವಾಲಿಕೆಯ ಪೆಟ್ಟು ದೊಡ್ಡ ಬಂದೂಕಿಗಿಂತ ಇಲ್ಲಿಯೇ ಜೋರು. 10 ಮೀಟರ್‌ನಲ್ಲಿ ನಿಮಗೆ ಅದು ಕಾಣಿಸುವುದೇ ಇಲ್ಲ.

ತೆರೆದಗುರಿ:
ಎರಡೂವರೆ ಸೆಂ.ಮೀ. ಎಂದರೆ ಸಣ್ಣದಲ್ಲ. ಸರಿ.

ತಿರುಪುಳಿ:
ಬಿಗಿತದ ಮಾತಿಗೆ ಬರುತ್ತೇನೆ, ಇಲ್ಲಿಯೇ ಹೆಚ್ಚು ಸ್ಕೋಪ್‌ಗಳು ಪೆಟ್ಟು ತಿನ್ನುವುದು. ರಿಂಗ್‌ನ ಸ್ಕ್ರೂಗಳನ್ನು ಒಂದು ಕಡೆಯಿಂದ ಪೂರ್ತಿ ಬಿಗಿದು ಮುಗಿಸಬೇಡಿ. ಕರ್ಣರೇಖೆಯಂತೆ ಎದುರುಬದುರಿನದನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಹೋಗಿ. ರಿಂಗ್‌ನ ಎರಡು ಅರ್ಧಗಳ ನಡುವಿನ ಸಂದು ಎರಡೂ ಬದಿಗೆ ಒಂದೇ ಸಮ ಕಾಣಬೇಕು. ಒಂದು ಬದಿ ಮುಚ್ಚಿ ಇನ್ನೊಂದು ಬಾಯಿ ಬಿಟ್ಟರೆ ಸ್ಕ್ರೂ ಬಿಗಿಯುವಾಗ ಕೊಳವೆ ತಿರುಚಿಕೊಂಡು ನೀವು ಮಾಡಿದ ಮಟ್ಟವೆಲ್ಲ ಹೋಗುತ್ತದೆ. ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ದಾರ ನೋಡಿ.

ಎಷ್ಟು ಬಿಗಿಯಬೇಕು ಎನ್ನುವುದು ಮೌಂಟ್ ತಯಾರಕರ ಕಾಗದದಲ್ಲಿರುತ್ತದೆ. ರಿಂಗ್‌ಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್, ಅಂದರೆ 1.7ರಿಂದ 2 ನ್ಯೂಟನ್-ಮೀಟರ್ ಹೇಳುತ್ತಾರೆ. ಅದು ನಿಮಗೆ ತೋರುವುದಕ್ಕಿಂತ ಕಡಿಮೆ. ಅಳತೆಯ ಉಪಕರಣ ಇಲ್ಲದಿದ್ದರೆ ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂ ಒಳಗಿಟ್ಟು ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ತಿರುಗಿಸಿ, ಆಗ ಅತಿಯಾಗಿ ಬಿಗಿಯಲು ಕೈ ಬಾರದು. ಅತಿ ಬಿಗಿದರೆ ಕೊಳವೆ ಒಳಕ್ಕೆ ತಗ್ಗಿ ಒಳಗಿನ ಬಿಡಿಭಾಗಗಳು ಸರಾಗವಾಗಿ ಸರಿಯುವುದಿಲ್ಲ.

ಸ್ಪ್ರಿಂಗ್‌ಪ್ರಿಯ:
ಸ್ಕ್ರೂಗಳಿಗೆ ನೀಲಿ ಲಾಕ್ ಅಂಟು ಒಂದು ಹನಿ ಹಾಕಿ. ಸ್ಪ್ರಿಂಗ್ ರೈಫಲ್‌ನ ನಡುಕಕ್ಕೆ ಸಡಿಲವಾಗದ ಸ್ಕ್ರೂ ಇಲ್ಲ.

ತಿರುಪುಳಿ:
ರಿಂಗ್‌ಗೆ ಬೇಡ, ಖಂಡಿತ ಬೇಡ. ಅಂಟು ಹಸಿಯಾಗಿದ್ದಾಗ ಎಳೆಗೆ ಜಾರುಗುಣ ಬರುತ್ತದೆ, ಅದೇ ತಿರುಗಿಸುವ ಬಲಕ್ಕೆ ಬಿಗಿತ ಹೆಚ್ಚಾಗುತ್ತದೆ. ಆ ಸಣ್ಣ ಸ್ಕ್ರೂಗಳ ತಲೆ ಸವೆದರೆ ಬಿಚ್ಚುವುದೂ ಕಷ್ಟ. ಸ್ಟಾಕ್‌ನ ಸ್ಕ್ರೂಗಳಿಗೆ ಹಾಕಲಿ, ಅಲ್ಲಿ ನನ್ನ ತಕರಾರಿಲ್ಲ.

ಸ್ಪ್ರಿಂಗ್‌ಪ್ರಿಯ:
ನಾನು ಮೌಂಟ್‌ನ ತಳದ ಸ್ಕ್ರೂಗಳನ್ನು ಉದ್ದೇಶಿಸಿ ಹೇಳಿದ್ದು. ಅಲ್ಲಿ ಹಾಕುತ್ತೇನೆ, ಹಾಕುತ್ತಲೇ ಇರುತ್ತೇನೆ.

ಕಣ್ಣಳತೆ:
ಅಂಟಿನ ಜಗಳ ಇಲ್ಲಿಗೆ ಸಾಕು, ಅವರು ಕೇಳಿದ ಮೊದಲ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಟರೆಟ್ ಏಕೆ ಕೊನೆ ಮುಟ್ಟಿತು?

ಸ್ಕೋಪ್‌ನ ನಡು ನಳಿಗೆಯ ನಡುವಿಗಿಂತ ಸುಮಾರು ನಾಲ್ಕೂವರೆ ಸೆಂ.ಮೀ. ಮೇಲಿರುತ್ತದೆ. ಎರಡೂ ಸಮಾನಾಂತರವಾಗಿದ್ದರೂ 10 ಮೀಟರ್‌ನಲ್ಲಿ ಪೆಲೆಟ್ ಅಷ್ಟು ಕೆಳಗೆ ಬೀಳುತ್ತದೆ, ಅದರ ಜೊತೆಗೆ ಇಳಿತ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು. ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ; ಟರೆಟ್‌ನ ಕಾಲು ಎಂಒಎ ಕ್ಲಿಕ್ 10 ಮೀಟರ್‌ನಲ್ಲಿ ಬರೀ 0.7 ಮಿ.ಮೀ. ಸರಿಸುತ್ತದೆ, ಹಾಗಾಗಿ ಎಲ್ಲ ಸರಿಯಿದ್ದರೂ 80 ಕ್ಲಿಕ್‌ನಷ್ಟು ಮೇಲೆ ಹೋಗಲೇಬೇಕು. ನಿಮ್ಮದು ಎಂಟು ಹತ್ತು ಸೆಂ.ಮೀ. ಕೆಳಗಿದೆ ಎಂದರೆ ಉಳಿದದ್ದು ನಳಿಗೆಯ ಬಾಗು. ಬಗ್ಗಿಸಿ ತುಂಬುವ ರೈಫಲ್‌ಗಳಲ್ಲಿ ನಳಿಗೆಯ ಮೂತಿ ರೈಲ್‌ಗಿಂತ ತುಸು ಕೆಳಮುಖವಾಗಿರುವುದು ಹೊಸ ಸಂಗತಿಯೇನಲ್ಲ. ಬರಿಯ ಸೈಟ್‌ನಲ್ಲಿ ಅದು ಗೊತ್ತಾಗುವುದಿಲ್ಲ, ಏಕೆಂದರೆ ಮುಂದಿನ ಸೈಟ್ ನಳಿಗೆಯ ಮೇಲೆಯೇ ಇರುತ್ತದೆ.

ಟರೆಟನ್ನು ಕೊನೆಯವರೆಗೆ ತಿರುಗಿಸಿದಾಗ ಒಳಗಿನ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಆಮೇಲೆ ಪ್ರತಿ ಒದೆತಕ್ಕೂ ಗೆರೆಗಳು ಅಲ್ಲಾಡುತ್ತವೆ. ಅಂದರೆ ನಿಮ್ಮ ಅಲೆದಾಟಕ್ಕೆ ಎರಡು ಕಾರಣ: ಮೌಂಟ್ ಜಾರಿದ್ದು ಒಂದು, ಟರೆಟ್ ತುದಿಯಲ್ಲಿದ್ದದ್ದು ಇನ್ನೊಂದು.

ಹೊಸಗುರಿ:
ಈಗ ಅರ್ಥವಾಯಿತು. ಬಾಗಿಗೆ ಪರಿಹಾರವೇನು?

ಕಣ್ಣಳತೆ:
ಹಿಂಭಾಗ ತುಸು ಎತ್ತರವಿರುವ ಮೌಂಟ್‌ಗಳು ಇದಕ್ಕೆಂದೇ ಸಿಗುತ್ತವೆ. ಸ್ಕೋಪ್‌ನ ಹಿಂಬದಿ ಎತ್ತಿದರೆ ಅದರ ನೋಟ ನಳಿಗೆಯ ಕಡೆಗೆ ಇಳಿಯುತ್ತದೆ, ಟರೆಟ್ ನಡುವಿನ ಆಸುಪಾಸಿನಲ್ಲೇ ಉಳಿಯುತ್ತದೆ. ಹೊಂದಿಸಿಕೊಳ್ಳಬಹುದಾದ ಮೌಂಟೂ ಇದೆ. ಕೂರಿಸುವ ಮೊದಲು ಟರೆಟನ್ನು ನಡುವಿಗೆ ತನ್ನಿ: ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿ ಕ್ಲಿಕ್ ಎಣಿಸಿ, ಅರ್ಧದಷ್ಟು ಹಿಂದಕ್ಕೆ ಬನ್ನಿ.

ಮಸೂರ:
ಹಿಂದಿನ ರಿಂಗ್ ಕೆಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ಇಟ್ಟರೂ ಸಾಕಲ್ಲ?

ತಿರುಪುಳಿ:
ಹಳೆಯ ಫಿಲ್ಮ್‌ನ ಒಂದು ಪದರದಷ್ಟಾದರೆ ನಡೆಯುತ್ತದೆ. ಪದರದ ಮೇಲೆ ಪದರ ಪೇರಿಸಿದರೆ ಎರಡು ರಿಂಗ್‌ಗಳ ನೇರ ತಪ್ಪಿ ಕೊಳವೆ ಬಾಗುತ್ತದೆ. ಇವರ ಅಳತೆಗೆ ಮೌಂಟೇ ಸರಿ.

ಸ್ಪ್ರಿಂಗ್‌ಪ್ರಿಯ:
ಇನ್ನೊಂದು. ರೈಫಲ್ ಹೊಸದು. ಪಿಸ್ಟನ್ ಕೋಣೆಯಲ್ಲಿ ಉಳಿದ ಎಣ್ಣೆ ಮೊದಮೊದಲು ಒತ್ತಡದ ಬಿಸಿಗೆ ಹೊತ್ತಿಕೊಳ್ಳುತ್ತದೆ. ಹೊಗೆ, ವಾಸನೆ, ಜೋರು ಸದ್ದು ಬರುತ್ತವೆ, ಪೆಲೆಟ್‌ನ ವೇಗ ಒಂದೊಂದು ಸಲಕ್ಕೆ ಒಂದೊಂದು. ಅದು ನಿಲ್ಲುವವರೆಗೆ ಜೀರೋ ಮಾಡುವ, ಅಂದರೆ ಒಂದು ದೂರಕ್ಕೆ ಸ್ಕೋಪ್ ಹೊಂದಿಸುವ, ಶ್ರಮ ವ್ಯರ್ಥ. ಒಂದು ಡಬ್ಬಿ ಪೆಲೆಟ್ ಖಾಲಿಯಾಗಲಿ. ಪೆಲೆಟ್ ಇಲ್ಲದೆ ಮಾತ್ರ ಎಂದೂ ಹಾರಿಸಬೇಡಿ: ಗಾಳಿಗೆ ತಡೆಯಿಲ್ಲದೆ ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿಯುತ್ತದೆ.

ಹಿಡಿತವನ್ನೂ ಗಮನಿಸಿ. ಮುಂದಿನ ಕೈಯನ್ನು ಬಿಗಿಯದೆ ತೆರೆದ ಅಂಗೈ ಮೇಲೆ ಸ್ಟಾಕ್ ಕೂರಲಿ, ಪ್ರತಿ ಸಲವೂ ಅದೇ ಜಾಗದಲ್ಲಿ. ಗಟ್ಟಿ ಮೇಜಿನ ಮೇಲೆ ನೇರವಾಗಿ ಒರಗಿಸಿದರೆ ರೈಫಲ್ ಪುಟಿದು ಗುಂಪು ಬೇರೆ ಕಡೆ ಹೋಗುತ್ತದೆ.

ಹೊಸಗುರಿ:
ಹೊಸ ಮೌಂಟ್ ಬಂತು, ಹಿಂಬದಿ ಎತ್ತರವಿರುವ ಒಂದೇ ತುಂಡಿನದು. ಪಿನ್ ಇಳಿಸಿ, ದಾರಕ್ಕೆ ಹೊಂದಿಸಿ, ಎರಡು ಬೆರಳಲ್ಲೇ ಬಿಗಿದೆ. ಟರೆಟ್ ನಡುವಿನ ಹತ್ತಿರವೇ ಇದೆ, ಗುಂಪು ಅಲುಗಿಲ್ಲ. 10 ಮೀಟರ್‌ನಲ್ಲಿ ಎಲ್ಲ ತೂತುಗಳೂ ಒಂದರ ಅಂಚಿಗೆ ಒಂದು ತಾಗಿವೆ. ಎಲ್ಲರಿಗೂ ಮನಸಾರೆ ಧನ್ಯವಾದ. ಈಗ ಯಾವ ದೂರಕ್ಕೆ ಜೀರೋ ಮಾಡಲಿ? ನನ್ನಲ್ಲಿ 35 ಮೀಟರ್‌ವರೆಗೆ ಜಾಗವಿದೆ.

ಬಯಲುಗುರಿ:
25 ಮೀಟರ್. ನಿಮ್ಮ ಪೆಲೆಟ್ ಸೆಕೆಂಡಿಗೆ ಸುಮಾರು 190 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಂಡರೆ, 25ಕ್ಕೆ ಜೀರೋ ಮಾಡಿದಾಗ 10 ಮೀಟರ್‌ನಲ್ಲೂ ಹೆಚ್ಚುಕಡಿಮೆ ಗುರಿಯ ಮೇಲೆಯೇ ಬೀಳುತ್ತದೆ, 15ರಿಂದ 20ರ ನಡುವೆ ಒಂದು ಸೆಂ.ಮೀ.ಯಷ್ಟು ಮೇಲೆ, 30ಕ್ಕೆ ಎರಡು ಸೆಂ.ಮೀ. ಕೆಳಗೆ, 35ಕ್ಕೆ ಐದು ಸೆಂ.ಮೀ. ಕೆಳಗೆ. ನಿಮ್ಮದೇ ಪೆಲೆಟ್‌ನಲ್ಲಿ ಹೊಡೆದು ನೋಡಿ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪೆಲೆಟ್ ಬದಲಿಸಿದರೆ ಪಟ್ಟಿಯೂ ಬದಲಾಗುತ್ತದೆ.

ಮಸೂರ:
ಸ್ಕೋಪ್‌ನಲ್ಲಿ ದೂರ ಹೊಂದಿಸುವ ಉಂಗುರ ಇದೆಯೇ? 100 ಗಜಕ್ಕೆ ಸ್ಥಿರಗೊಳಿಸಿದ ಸ್ಕೋಪ್ ಆದರೆ 10 ಮೀಟರ್‌ನಲ್ಲಿ ದೃಶ್ಯ ಮಸುಕಾಗುತ್ತದೆ, ತಲೆ ಸ್ವಲ್ಪ ಆಡಿದರೂ ಗೆರೆ ಗುರಿಯ ಮೇಲೆ ತೇಲುತ್ತದೆ.

ಹೊಸಗುರಿ:
ಇದೆ, ಮುಂದಿನ ಮಸೂರದ ಸುತ್ತ. 10 ಗಜದಿಂದ ಶುರು.

ಮಸೂರ:
ಹಾಗಿದ್ದರೆ ಆ ಸ್ಕೋಪನ್ನೇ ಇಟ್ಟುಕೊಳ್ಳಿ. ಹಿಂದಿರುಗಿಸಿ ಎಂದ ನನ್ನ ಮಾತು ವಾಪಸ್.

ರಸಮಟ್ಟ:
ಬಿಳಿ ಪೇಂಟ್ ಪೆನ್ನಿನಿಂದ ಮೌಂಟ್ ಮತ್ತು ರೈಲ್ ಎರಡಕ್ಕೂ ತಾಗುವಂತೆ ಸಣ್ಣ ಗೆರೆ ಎಳೆದುಬಿಡಿ. ಕೊಳವೆ ಮತ್ತು ರಿಂಗ್ ಸೇರುವಲ್ಲಿ ಇನ್ನೊಂದು. ಗುಂಪು ಸರಿದಂತೆ ಕಂಡ ದಿನ ಮೊದಲು ಆ ಗೆರೆಗಳನ್ನು ನೋಡಿ, ಆಮೇಲೆ ಸ್ಟಾಕ್‌ನ ಸ್ಕ್ರೂ.

ತೆರೆದಗುರಿ:
35 ಮೀಟರ್ ಜಾಗದ ಹಿಂದೆ ಏನಿದೆ? ಗೋಡೆಯಾದರೆ ಪೆಲೆಟ್ ಪುಟಿದು ಹಿಂದಕ್ಕೆ ಬರುತ್ತದೆ. ಮರಳು ತುಂಬಿದ ಪೆಟ್ಟಿಗೆ ಇಡಿ, ಹೊಡೆಯುವಾಗಲೂ ಪಕ್ಕದಲ್ಲಿ ನಿಂತು ನೋಡುವಾಗಲೂ ಕನ್ನಡಕ ಹಾಕಿ.

ಹೊಸಗುರಿ:
ಗೋಡೆಯೇ ಇದೆ. ಪೆಟ್ಟಿಗೆ ಎಷ್ಟು ದಪ್ಪ ಬೇಕಾಗುತ್ತದೆ?

ತೆರೆದಗುರಿ:
ಒಂದು ಗೇಣು ಮರಳು ಧಾರಾಳ. ಮುಂಭಾಗಕ್ಕೆ ಹಲಗೆ ಬೇಡ, ದಪ್ಪ ರಟ್ಟು ಹಾಕಿ, ತೂತು ಬಿದ್ದು ಮರಳು ಸುರಿಯತೊಡಗಿದ ಮೇಲೆ ರಟ್ಟನ್ನಷ್ಟೇ ಬದಲಿಸಿದರಾಯಿತು.